ಹಿತ್ತಲದಾಗ ನಿಂತ ಓಪನ್ ಜೀಪ್ ಮತ್ತ ರೋಡಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಹುಡ್ (ಮೇಲಿನ ಬಟ್ಟೆಯ ಹೊದಿಕೆ) ಬಿಚ್ಚಿ ಓಡಿಸುವ ಹಳೇ ಗಾಡಿ ಅಂದರೆ ಜೀಪೇ. ಗ್ಯಾರೇಜಿನ ಕಟ್ಟೆಯ ಮೇಲೆ, ಫೋನಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇವೆ. ಹೆಚ್ಚಿನ ಉತ್ತರಗಳು ಎತ್ತರದ ಬಾನೆಟ್ಟಿನ ಪೆಟ್ರೋಲ್ ಜೀಪಿಗೆ, ಅಂದರೆ ಸಿಜೆ-3ಬಿಗೆ ಸಂಬಂಧಿಸಿದವು. ಬೇರೆ ಮಾಡೆಲ್ಲಿಗೆ ಹೊಂದದ ಕಡೆ ಹಾಗಂತ ಹೇಳಿದ್ದೇವೆ.

## ಪಾನಾ ಹಿಡಿಯುವ ಮೊದಲು

ನಮ್ಮ ಅಜ್ಜಾರ ಜೀಪ್ ಹದಿನೈದು ವರ್ಷದಿಂದ ಹಿತ್ತಲದಾಗ ನಿಂತೈತ್ರಿ. ಯಾವ ಮಾಡೆಲ್ ಅಂತ ಹೆಂಗ ಗೊತ್ತಾಗತೈತಿ?

ಹೆಸರಿನ ತಗಡು ನಂಬಬೇಡಿ. ಒಂದು ಗಾಡಿಯದು ಇನ್ನೊಂದಕ್ಕೆ ಕೂತಿರುವುದು ಸಾಮಾನ್ಯ. ಟೇಪು ತಗೊಂಡು ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿನ ತನಕ ಅಳೆಯಿರಿ. 80 ಇಂಚು, ಅಂದರೆ ಸುಮಾರು 203 ಸೆಂ.ಮೀ. ಬಂದು ಬಾನೆಟ್ಟು ಎತ್ತರವಾಗಿ ಚಪ್ಪಟೆಯಾಗಿದ್ದರೆ ಅದು ಸಿಜೆ-3ಬಿ ಮನೆತನ. 91 ಇಂಚು ಬಂದರೆ ಮಹೀಂದ್ರದ ಎಂಎಂ-540 ಮಾಡೆಲ್ಲಿನ ಕಡೆಯದು. ಸಿಜೆ-3ಬಿ ಬಾನೆಟ್ಟು ಎತ್ತರ ಇರುವುದು ಚೆಂದಕ್ಕಲ್ಲ. ಅದರ ಹರಿಕೇನ್ ಇಂಜಿನ್ನಿನಲ್ಲಿ ಇನ್ಲೆಟ್ ವಾಲ್ವ್ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲಿ. ಆ ಹೆಡ್ಡಿನ ಎತ್ತರ ಹಳೆಯ ತಗ್ಗು ಬಾನೆಟ್ಟಿನೊಳಗೆ ಹಿಡಿಯಲಿಲ್ಲ.

ಬಾನೆಟ್ ಎತ್ತಿದಾಗ ಪ್ಲಗ್ಗು, ಡಿಸ್ಟ್ರಿಬ್ಯೂಟರು ಕಂಡರೆ ಪೆಟ್ರೋಲ್. ಸಣ್ಣ ಉಕ್ಕಿನ ನಾಲ್ಕು ಕೊಳವೆ ಇಂಜೆಕ್ಟರಿಗೆ ಹೋಗಿದ್ದರೆ ಡೀಸೆಲ್. ಮಹೀಂದ್ರ ಹಾಕುತ್ತಿದ್ದ ಪೆಜೋ ಡೀಸೆಲ್ಲಿಗೆ 4.90 ಅಂತ ಹೆಸರು: ನಾಲ್ಕು ಸಿಲಿಂಡರು, 90 ಮಿ.ಮೀ. ಬೋರು (ಸಿಲಿಂಡರಿನ ಒಳ ಅಗಲ), ಒಟ್ಟು 2112 ಸಿಸಿ. ಹರಿಕೇನ್ ಪೆಟ್ರೋಲ್ 2199 ಸಿಸಿ.

ಆರ್‌ಸಿ ಐತಿ, ಆದ್ರ ಅವಧಿ ಮುಗದು ಭಾಳ ವರ್ಷ ಆತು. ಮೊದ್ಲ ಗಾಡಿ ಮಾಡಬೇಕೋ, ಕಾಗದ ಮಾಡಬೇಕೋ?

ಮೊದಲು ಕಾಗದ ನೋಡಿ, ಆಮೇಲೆ ದುಡ್ಡು ಬಿಚ್ಚಿ. ಛಾಸಿ ನಂಬರು ಇರುವ ಜಾಗವನ್ನು ಸೀಮೆಎಣ್ಣೆ ಹಚ್ಚಿ ಮೆತ್ತಗೆ ತಿಕ್ಕಿರಿ, ಅದರ ಮೇಲೆ ಗ್ರೈಂಡರ್ ಇಡಬೇಡಿ. ಪೆನ್ಸಿಲ್ ಉಜ್ಜಿ ಕಾಗದದ ಮೇಲೆ ಅಚ್ಚು ತೆಗೆದು ಆರ್‌ಸಿಯ ನಂಬರಿನ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ಇಂಜಿನ್ ನಂಬರಿಗೂ ಹಾಗೆಯೇ. ಎರಡೂ ಕೂಡಿದರೆ ನಿಮ್ಮ ಆರ್‌ಟಿಒಗೆ ಹೋಗಿ ನವೀಕರಣಕ್ಕೆ ಏನೇನು ಬಾಕಿ ಇದೆ ಅಂತ ಬರೆಸಿಕೊಂಡು ಬನ್ನಿ. ಹುಬ್ಬಳ್ಳಿ ಕೆಎ-63, ಧಾರವಾಡ ಕೆಎ-25, ಗದಗ ಕೆಎ-26, ಹಾವೇರಿ ಕೆಎ-27. ಅಜ್ಜನ ಹೆಸರಿನಲ್ಲಿದ್ದರೆ ವಾರಸಾ ಕಾಗದ, ಅಣ್ಣ-ತಮ್ಮಂದಿರ ಒಪ್ಪಿಗೆ ಈಗಲೇ ಮಾಡಿಸಿ. ಗಾಡಿ ಮಿಂಚತೊಡಗಿದ ಮೇಲೆ ಪಾಲುದಾರರು ಹೆಚ್ಚಾಗುತ್ತಾರೆ.

ಛಾಸಿ ನಂಬರು ಕೂಡದಿದ್ದರೆ ಆ ಗಾಡಿ ಬಿಡಿಭಾಗಕ್ಕೆ ಮಾತ್ರ. ಎಷ್ಟು ಚೆಂದ ಮಾಡಿದರೂ ರೋಡಿಗೆ ಬರುವುದಿಲ್ಲ.

ಒರಿಜಿನಲ್ ಇಡೂಣೋ, ಡಿಸ್ಕ್ ಬ್ರೇಕ್, ಹೊಸಾ ಇಂಜಿನ್ ಹಾಕಿ ಅಪ್‌ಗ್ರೇಡ್ ಮಾಡೂಣೋ?

ಇದನ್ನು ಮೊದಲ ದಿನವೇ ತೀರ್ಮಾನಿಸಬೇಕು. ಅರ್ಧ ದಾರಿಯಲ್ಲಿ ಮನಸ್ಸು ಬದಲಾಯಿಸಿದ ಗಾಡಿಗಳೇ ಶೆಡ್ಡಿನಲ್ಲಿ ಕೊಳೆಯುವುದು.

50 ವರ್ಷ ದಾಟಿದ ಗಾಡಿಗೆ 2021ರಲ್ಲಿ ಬಂದ ವಿಂಟೇಜ್ ನಿಯಮ ಇದೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000, ಅವಧಿ 10 ವರ್ಷ. ಹೊಸದಾಗಿ ನೋಂದಾಯಿಸಿದರೆ ನಂಬರಿನಲ್ಲಿ ‘ವಿಎ’ ಅಕ್ಷರ ಬರುತ್ತದೆ, ಮೊದಲೇ ನೋಂದಣಿ ಇದ್ದರೆ ಹಳೆಯ ನಂಬರು ಉಳಿಯುತ್ತದೆ. ಆದರೆ ಷರತ್ತು ಬಿಗಿ: ಛಾಸಿ, ಬಾಡಿ, ಇಂಜಿನ್ ಮೂಲ ರೂಪದಲ್ಲೇ ಇರಬೇಕು, ಮತ್ತು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಷ್ಟಕ್ಕೇ. ಹೊಲಕ್ಕೆ, ಸಂತೆಗೆ, ಮಕ್ಕಳ ಶಾಲೆಗೆ ಬೇಕು ಅನ್ನುವವರು ಮಾಮೂಲಿ ನವೀಕರಣದಲ್ಲೇ ಇರುವುದು ಒಳ್ಳೆಯದು.

ನಮ್ಮ ಅಭಿಪ್ರಾಯ ಕೇಳಿದರೆ: ಬೋಲ್ಟ್ ಬಿಚ್ಚಿ ಮತ್ತೆ ಹಳೆಯದನ್ನು ಕೂಡಿಸಬಹುದಾದ ಬದಲಾವಣೆ ಮಾಡಿ, ಕತ್ತರಿಸಿ ವೆಲ್ಡ್ ಮಾಡುವುದನ್ನು ಬಿಡಿ. ಆಲ್ಟರ್ನೇಟರು, ಎರಡು ಸರ್ಕ್ಯೂಟಿನ ಬ್ರೇಕು, ಸೀಟ್ ಬೆಲ್ಟು ಇವು ಮೊದಲ ಸಾಲು. ಬಿಚ್ಚಿದ ಹಳೆಯ ಸಾಮಾನು ಗುಜರಿಗೆ ಹಾಕದೆ ಎಣ್ಣೆ ಹಚ್ಚಿ ಪೆಟ್ಟಿಗೆಯಲ್ಲಿ ಇಡಿ.

ಮನ್ಯಾಗ ಮಾಡಾಕ ಎಷ್ಟು ಜಾಗ ಬೇಕ್ರಿ? ಖರ್ಚು ಎಷ್ಟ ಹಿಡಕೋಬೇಕು?

ಜೀಪು ಸುಮಾರು 3.3 ಮೀಟರ್ ಉದ್ದ. ಬಾಡಿ ಬಿಚ್ಚಿದರೆ ಅದೇ ಇನ್ನೊಂದು ಜೀಪಿನ ಜಾಗ ಬೇಡುತ್ತದೆ. ಆದ್ದರಿಂದ 20 ಅಡಿ ಉದ್ದ, 15 ಅಡಿ ಅಗಲದ ತಗಡಿನ ಶೆಡ್ಡು, ಗಟ್ಟಿ ಕಾಂಕ್ರೀಟ್ ನೆಲ. ಎರೆ ಮಣ್ಣಿನ ಮೇಲೆ ಜಾಕ್ ಇಡುವ ಯೋಚನೆಯೇ ಬೇಡ, ಒಂದು ಮಳೆಗೆ ಜಾಕು ವಾಲುತ್ತದೆ.

ಖರ್ಚನ್ನು ನಾಲ್ಕು ಚೀಟಿಯಲ್ಲಿ ಬೇರೆ ಬೇರೆ ಬರೆಯಿರಿ: ಪತ್ರಾ ಕೆಲಸ ಮತ್ತು ಬಣ್ಣ, ಇಂಜಿನ್ ಮಶೀನಿಂಗ್, ಬ್ರೇಕು-ಸ್ಟೇರಿಂಗು-ಟೈರು, ವೈರಿಂಗು-ಹುಡ್ಡು-ಸೀಟು. ಒಟ್ಟು ಮೊತ್ತದ ಮೇಲೆ ಮೂರನೇ ಒಂದು ಭಾಗ ಕೈಯಲ್ಲಿ ಉಳಿಸಿಕೊಳ್ಳಿ, ಯಾಕೆಂದರೆ ಮೊದಲ ಚೀಟಿ ಯಾವತ್ತೂ ಸುಳ್ಳು ಹೇಳುತ್ತದೆ. ಟಿಂಕರ್ ಕೆಲಸವನ್ನು ಒಟ್ಟು ಗುತ್ತಿಗೆ ಕೊಟ್ಟರೆ ಜಂಗು ಕತ್ತರಿಸುವ ಬದಲು ಅದರ ಮೇಲೆ ಪುಟ್ಟಿ ಬೀಳುತ್ತದೆ. ದಿನದ ಪಗಾರ ಕೊಟ್ಟು ಎದುರಿಗೆ ಮಾಡಿಸಿ.

## ಎಬ್ಬಿಸುವುದು, ಬಿಚ್ಚುವುದು

ಇಂಜಿನ್ ಜಾಮ್ ಆಗೇತಿ. ಟ್ರ್ಯಾಕ್ಟರ್ ಕಟ್ಟಿ ಎಳದ್ರ ಬಿಡತೈತೇನು?

ಬಿಡಬಹುದು, ಅದರ ಜೊತೆ ರಿಂಗೂ ಮುರಿಯಬಹುದು, ಪಿಸ್ಟನ್ನೂ ಒಡೆಯಬಹುದು. ಎಳೆಯಬೇಡಿ.

ನಾಲ್ಕೂ ಪ್ಲಗ್ಗು ಬಿಚ್ಚಿ ಒಂದೊಂದು ಸಿಲಿಂಡರಿಗೆ ಡೀಸೆಲ್ ಮತ್ತು ಇಂಜಿನ್ ಆಯಿಲ್ ಅರ್ಧಕ್ಕರ್ಧ ಬೆರೆಸಿ 30 ಮಿ.ಲೀ. ಹಾಕಿ. ಮೂರು-ನಾಲ್ಕು ದಿನ ಬಿಡಿ, ದಿನಕ್ಕೊಮ್ಮೆ ಸ್ವಲ್ಪ ಸೇರಿಸಿ. ಆಮೇಲೆ ಗೇರು ನ್ಯೂಟ್ರಲ್ಲಿನಲ್ಲಿಟ್ಟು, ಇಂಜಿನ್ ತಿರುಗಿಸುವ ಸ್ಟಾರ್ಟಿಂಗ್ ಹ್ಯಾಂಡಲ್ ಹಾಕಿ ಮುಂದೆ ಎರಡು ಇಂಚು, ಹಿಂದೆ ಎರಡು ಇಂಚು ಅಲುಗಿಸಿ. ಅಲುಗಿತೆಂದರೆ ಅರ್ಧ ಗೆದ್ದಂತೆ. ಪೂರ್ತಿ ಸುತ್ತು ತಿರುಗಿದ ಮೇಲೆ ಪ್ಲಗ್ ತೂತಿನ ಮೇಲೆ ಹಳೆ ಬಟ್ಟೆ ಹಿಡಿದು ಸ್ಟಾರ್ಟರ್ ಹೊಡೆಯಿರಿ, ಕರಿ ನೀರು ಪಿಚಕಾರಿಯಂತೆ ಹೊರಗೆ ಬರುತ್ತದೆ. ಹಳೆಯ ಆಯಿಲ್ ತೆಗೆಯದೆ ಇಂಜಿನ್ ಸ್ಟಾರ್ಟ್ ಮಾಡಬಾರದು. ವಾರ ಕಳೆದರೂ ಅಲುಗದಿದ್ದರೆ ಹೆಡ್ ಬಿಚ್ಚುವುದೇ ದಾರಿ.

ಹ್ಯಾಂಡಲ್ ಹೊಡದ್ರ ಕೈ ಮುರಿತೈತಿ ಅಂತಾರ, ಖರೆ ಏನ್ರಿ?

ಖರೆ. ಹೆಬ್ಬೆರಳನ್ನು ಹ್ಯಾಂಡಲ್ಲಿಗೆ ಸುತ್ತಬಾರದು, ಉಳಿದ ನಾಲ್ಕು ಬೆರಳಿನ ಕಡೆಯೇ ಇಡಬೇಕು. ಕೆಳಗಿನಿಂದ ಮೇಲಕ್ಕೆ ಎಳೆಯಬೇಕು, ಮೇಲಿನಿಂದ ಕೆಳಕ್ಕೆ ಒತ್ತಬಾರದು. ಟೈಮಿಂಗ್ ಮುಂದಾಗಿದ್ದರೆ ಇಂಜಿನ್ನು ಉಲ್ಟಾ ಒದೆಯುತ್ತದೆ. ಆಗ ಹ್ಯಾಂಡಲ್ಲು ಬೆರಳಿನಿಂದ ಜಾರಿ ಹೋಗುತ್ತದೆ, ಹೆಬ್ಬೆರಳು ಸುತ್ತಿದ್ದರೆ ಮಣಿಕಟ್ಟು ಸಮೇತ ತಿರುಗುತ್ತದೆ.

ಎಡಗಡೆ ಗಾಲಿ ನಟ್ಟು ಎಷ್ಟ ಜಗ್ಗಿದ್ರೂ ಬಿಚ್ಚವಲ್ದು. ಒಂದು ಸ್ಟಡ್ ಕಟ್ ಆತು.

ನೀವು ಬಿಗಿ ಮಾಡುತ್ತಿದ್ದೀರಿ. ಹಳೇ ಜೀಪಿನ ಎಡಗಡೆ ಗಾಲಿಗಳಿಗೆ ಉಲ್ಟಾ ಫೆರಿ (ಥ್ರೆಡ್ಡು), ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಸ್ಟಡ್ಡಿನ ತುದಿಯಲ್ಲಿ ‘ಎಲ್’ ಅಕ್ಷರ ಇದೆಯೇ ನೋಡಿ. ಕಟ್ಟಾದ ಜಾಗಕ್ಕೆ ಮಾಮೂಲಿ ಫೆರಿಯ ಸ್ಟಡ್ ಒಂದೇ ಹಾಕಬೇಡಿ. ಪಂಕ್ಚರ್ ಅಂಗಡಿಯ ಹುಡುಗ ಮಿಕ್ಕ ನಾಲ್ಕನ್ನೂ ಕಟ್ ಮಾಡುತ್ತಾನೆ. ಹಾಕಿದರೆ ಐದೂ ಒಂದೇ ನಮೂನೆ.

ಹಿಂದಿನ ಡ್ರಮ್ ಬರವಲ್ದು, ಸುತ್ತಿಗಿಲೆ ಬಡದ್ರ ನಡೀತೈತಿ?

ಹಿಂದಿನ ಹಬ್ಬು ಇಳಿಜಾರಾದ ಶಾಫ್ಟಿನ ಮೇಲೆ ಕೀಲಿ ಸಮೇತ ಕೂತಿರುತ್ತದೆ. ಶಾಫ್ಟಿನ ತುದಿಗೆ ಸುತ್ತಿಗೆ ಹೊಡೆದರೆ ಪೆಟ್ಟು ಡಿಫರೆನ್ಷಿಯಲ್ ತನಕ ಹೋಗುತ್ತದೆ, ಬೇರಿಂಗು ಗಾಯವಾಗುತ್ತದೆ. ಮೂರು ಕಾಲಿನ ದಪ್ಪ ಪುಲ್ಲರ್ ತನ್ನಿ. ನಡುವಿನ ನಟ್ಟನ್ನು ಪೂರ್ತಿ ತೆಗೆಯದೆ ಮೂರು-ನಾಲ್ಕು ಫೆರಿ ಉಳಿಸಿ ಪುಲ್ಲರ್ ಬಿಗಿ ಮಾಡಿ, ರಾತ್ರಿ ಹಾಗೆಯೇ ಬಿಡಿ. ಬೆಳಗಿನ ಜಾವ ಗುಂಡು ಹೊಡೆದಂತೆ ಸದ್ದಾಗಿ ಹಬ್ಬು ಬಿಡುತ್ತದೆ. ನಟ್ಟು ಇಲ್ಲದಿದ್ದರೆ ಡ್ರಮ್ಮು ಹಾರಿ ಬಂದು ಕಾಲಿನ ಮೇಲೆ ಕೂರುತ್ತದೆ. ಮುಂದಿನ ಹಬ್ಬಿನ ನಟ್ಟಿಗೆ ಬೇರೆ ಪಾನಾ ಬೇಕು: 2-1/16 ಇಂಚು. ಉಳಿ ಇಟ್ಟು ಬಡಿದ ಗುರುತು ಎಲ್ಲ ಜೀಪಿನಲ್ಲೂ ಇರುತ್ತದೆ, ನೀವು ಇನ್ನೊಂದು ಸೇರಿಸಬೇಡಿ.

ಪೆಟ್ರೋಲ್ ಟಾಕಿ ಒಳಗ ಕೆಂಪಗ ಜಂಗು ಹಿಡದೈತಿ. ತೂತೂ ಐತಿ.

ಟಾಕಿ ಡ್ರೈವರ್ ಸೀಟಿನ ಕೆಳಗೇ ಇದೆ ಅನ್ನುವುದು ನೆನಪಿರಲಿ. ಬಿಚ್ಚಿ, ಒಳಗೆ ಎರಡು ಹಿಡಿ ಸಣ್ಣ ನಟ್ಟು, ಬಟ್ಟೆ ಸೋಪಿನ ನೀರು ಹಾಕಿ ಅಲುಗಾಡಿಸಿ ತೊಳೆಯಿರಿ. ಆಮೇಲೆ ಫಾಸ್ಫಾರಿಕ್ ಆಸಿಡ್ ಇರುವ ಜಂಗು ತೆಗೆಯುವ ದ್ರಾವಣ, ಮತ್ತೆ ನೀರು, ಬಿಸಿಲಲ್ಲಿ ಪೂರ್ತಿ ಒಣಗಿಸುವುದು. ಎಷ್ಟು ವರ್ಷ ಖಾಲಿ ಇದ್ದರೂ ತೊಳೆಯದ ಟಾಕಿಗೆ ವೆಲ್ಡಿಂಗ್ ಹಿಡಿಯಬಾರದು, ಒಳಗೆ ಉಳಿದ ಆವಿಯೇ ಸಿಡಿಯುತ್ತದೆ. ತಳವೇ ಜರಡಿಯಾಗಿದ್ದರೆ ಹೊಸದು ಮಾಡಿಸಿ. ಅದರಲ್ಲಿ ಕರುಣೆ ಬೇಡ.

## ಪತ್ರಾ, ಬಣ್ಣ, ಹುಡ್ಡು

ಮ್ಯಾಲೆ ನೋಡಾಕ ಬಾಡಿ ಚಲೋ ಐತಿ. ಎಲ್ಲಿ ಕೊಳತಿರತೈತಿ ಅಂತ ಹೆಂಗ ನೋಡೋದು?

ಮಲಗಿ ನೋಡಬೇಕು. ಎರೆ ಹೊಲದಲ್ಲಿ ಓಡಾಡಿದ ಜೀಪಿನ ಶತ್ರು ಮಳೆಯಲ್ಲ, ಆ ಮಣ್ಣು. ಒಮ್ಮೆ ಛಾಸಿಯ ಡಬ್ಬಿಯೊಳಗೆ, ಬಾಡಿಯ ತಳಕ್ಕೆ ಬೆಸೆದ ಅಡ್ಡಪಟ್ಟಿಗಳೊಳಗೆ ಹೊಕ್ಕರೆ ತಿಂಗಳುಗಟ್ಟಲೆ ತೇವ ಹಿಡಿದಿರುತ್ತದೆ, ಪತ್ರಾ ಒಳಗಿನಿಂದ ತಿಂದು ಹೊರಬರುತ್ತದೆ. ಧಾರವಾಡದ ಮಳೆಯಲ್ಲಿ ನಿಂತ ಗಾಡಿಗಿಂತ ಗದಗದ ಒಣ ಹವೆಯ ಗಾಡಿಯ ಮೇಲ್ಮೈ ಚೆನ್ನಾಗಿ ಕಾಣಬಹುದು, ಆದರೆ ಒಳಗೆ ಎರೆ ತುಂಬಿದ್ದರೆ ಎರಡೂ ಒಂದೇ.

ಸಣ್ಣ ಸುತ್ತಿಗೆಯ ಹಿಂಬದಿಯಿಂದ ಕುಟ್ಟುತ್ತ ಹೋಗಿ. ಗಟ್ಟಿ ಪತ್ರಾ ‘ಟಣ್’ ಅನ್ನುತ್ತದೆ, ಕೊಳೆತದ್ದು ‘ಡಬ್’ ಅನ್ನುತ್ತದೆ, ಪುಟ್ಟಿ ತುಂಬಿದ್ದು ಸದ್ದೇ ಮಾಡುವುದಿಲ್ಲ. ಕಾಲಿಡುವ ನೆಲ, ಡ್ರೈವರ್ ಸೀಟಿನ ಕೆಳಗೆ, ಹಿಂದಿನ ಗಾಲಿ ಡಬ್ಬಿಯ ಮೂಲೆ, ವಿಂಡ್‌ಶೀಲ್ಡ್ ಚೌಕಟ್ಟಿನ ಕೆಳಪಟ್ಟಿ, ಟೂಲ್ ಬಾಕ್ಸಿನ ತಳ ಇವನ್ನು ಬಿಡಬೇಡಿ. ಛಾಸಿಯಲ್ಲಿ ಹಿಂದಿನ ಕಡ್ಡಿ ಮತ್ತು ಸ್ಪ್ರಿಂಗ್ ಶಾಕಲ್ ಹಿಡಿಯುವ ಜಾಗದಲ್ಲಿ ಸೀಳು ಹುಡುಕಿ.

ಕೊಳೆತದ್ದನ್ನು ಬೆಳ್ಳಗೆ ಹೊಳೆಯುವ ಲೋಹ ಸಿಗುವ ತನಕ ಕತ್ತರಿಸಿ. ಪಕ್ಕದ ಪತ್ರಾಕ್ಕೆ 18 ಗೇಜು, ಕಾಲಿಡುವ ನೆಲಕ್ಕೆ 16 ಗೇಜು ಸಾಕು. ಮಿಗ್ ವೆಲ್ಡಿಂಗ್‌ನಲ್ಲಿ ಒಂದು ಕಡೆ ಚುಕ್ಕೆ ಹಾಕಿ, ಒಂದು ಗೇಣು ಬಿಟ್ಟು ಇನ್ನೊಂದು ಕಡೆ ಹಾಕಿ, ಹೀಗೆ ಹಾರಿ ಹಾರಿ ಮುಗಿಸಿ. ಒಂದೇ ಸಾಲಿಗೆ ಎಳೆದರೆ ಬಿಸಿಗೆ ಪತ್ರಾ ಹಪ್ಪಳದಂತೆ ಸೊಟ್ಟಗಾಗುತ್ತದೆ. ವೆಲ್ಡಿಂಗಿಗೆ ಮೊದಲು ಬ್ಯಾಟರಿ, ಆಲ್ಟರ್ನೇಟರ್ ಎರಡರ ವೈರೂ ತೆಗೆಯಿರಿ. ಹೊಸ ಅಡ್ಡಪಟ್ಟಿಗೆ ತಳದಲ್ಲಿ 8 ಮಿ.ಮೀ. ತೂತು ಕೊರೆಯಿರಿ, ನೀರು ಇಳಿದು ಹೋಗಲಿ.

ಬಣ್ಣ ಮನ್ಯಾಗ ಹೊಡಿಬಹುದಾ? ಯಾವ ತಿಂಗಳದಾಗ ಹೊಡಿಬೇಕು?

ಪ್ರೈಮರ್ ತನಕ ಮನೆಯಲ್ಲಿ, ಮೇಲಿನ ಪಿಯು (ಪಾಲಿಯುರೆಥೇನ್) ಬಣ್ಣ ಬೂತಿನಲ್ಲಿ ಅನ್ನುವುದು ನಮ್ಮ ಸಲಹೆ. ಪಿಯು ಬಣ್ಣದ ಹಾರ್ಡ್ನರಿನಲ್ಲಿ ಐಸೊಸೈನೇಟ್ ಇರುತ್ತದೆ, ಅದು ಶ್ವಾಸಕೋಶಕ್ಕೆ ಹಾನಿ. ಮೂಗಿಗೆ ಟಾವೆಲ್ ಕಟ್ಟಿದರೆ ಏನೂ ತಡೆಯುವುದಿಲ್ಲ, ಹೊರಗಿನ ಗಾಳಿ ಕೊಡುವ ಮಾಸ್ಕೇ ಬೇಕು.

ಬೆತ್ತಲೆ ಪತ್ರಾ ಸಿಕ್ಕ ದಿನವೇ ಎಪಾಕ್ಸಿ ಪ್ರೈಮರ್ ಎರಡು ಕೋಟು, ರಾತ್ರಿ ಬಿಟ್ಟರೆ ಬೆಳಿಗ್ಗೆಗೆ ಕೆಂಪು ಕಾಣುತ್ತದೆ. ಅದರ ಮೇಲೆ ಪುಟ್ಟಿ, 2-3 ಮಿ.ಮೀ. ದಾಟಬಾರದು, ದಾಟಿದರೆ ಜೀಪಿನ ನಡುಕಕ್ಕೆ ಬಿರಿಯುತ್ತದೆ. ಆಮೇಲೆ ಸರ್ಫೇಸರ್, 400 ನಂಬರಿನ ಉಜ್ಜುವ ಕಾಗದ, 800 ನಂಬರಿನ ಕಾಗದ, ಬಣ್ಣ ಎರಡು-ಮೂರು ಕೋಟು. ಒಳ-ಹೊರ-ತಳ ಸೇರಿ ಪ್ರೈಮರ್ 3 ಲೀಟರ್, ಬಣ್ಣ 4 ಲೀಟರ್ ಲೆಕ್ಕ ಹಿಡಿಯಿರಿ. ಮಳೆಗಾಲದಲ್ಲಿ ಬಣ್ಣ ಮಂಕಾಗಿ ಹಾಲು ಹಾಲಾಗುತ್ತದೆ, ಬೇಸಿಗೆ ಗಾಳಿಯಲ್ಲಿ ಧೂಳು ಕೂರುತ್ತದೆ. ದೀಪಾವಳಿಯಿಂದ ಶಿವರಾತ್ರಿ ತನಕ ಒಳ್ಳೆಯ ಕಾಲ.

ಹುಡ್ಡು ಹೊಸಾದು ಹೊಲಿಸಬೇಕು. ತಾಡಪತ್ರಿ ಸಾಕೋ, ಕ್ಯಾನ್ವಾಸೇ ಬೇಕೋ?

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮುಚ್ಚುವ ಪ್ಲಾಸ್ಟಿಕ್ ತಾಡಪತ್ರಿ ರಾಶಿಗೆ ಸರಿ, ಜೀಪಿಗಲ್ಲ. 60ರ ವೇಗದಲ್ಲಿ ಪಟಪಟ ಬಡಿದು ಒಂದು ಬೇಸಿಗೆಗೆ ಹರಿಯುತ್ತದೆ. ದಪ್ಪ ಹತ್ತಿ ಕ್ಯಾನ್ವಾಸೇ ಬೇಕು. ಕತ್ತರಿಸುವ ಮೊದಲು ಇಡೀ ಬಟ್ಟೆಯನ್ನು ಒಮ್ಮೆ ನೆನೆಸಿ ಒಣಗಿಸಿ. ಇಲ್ಲದಿದ್ದರೆ ಮೊದಲ ಮಳೆಗೇ ಕುಗ್ಗಿ, ಹಿಂದೆ ಗುಂಡಿ ಹಾಕಿದರೆ ಮುಂದೆ ವಿಂಡ್‌ಶೀಲ್ಡಿನ ತನಕ ಮುಟ್ಟುವುದಿಲ್ಲ.

ಅಳತೆ ತೆಗೆಯುವಾಗ ಪೈಪಿನ ಬಿಲ್ಲುಗಳು ನಿಂತಿರಬೇಕು, ವಿಂಡ್‌ಶೀಲ್ಡು ಕೊಕ್ಕೆ ಹಾಕಿರಬೇಕು. ಬಿಲ್ಲು ತಾಗುವ ಕಡೆ ಒಳಗಿನಿಂದ ಇನ್ನೊಂದು ಪಟ್ಟಿ ಹೊಲಿಸಿ, ಹರಿಯುವುದು ಅಲ್ಲಿಯೇ. ಹೊಲಿಗೆ ಎರಡು ಸಾಲು, ದಪ್ಪ ಪಾಲಿಯೆಸ್ಟರ್ ದಾರ, ಮೇಲೆ ಮೇಣ ತಿಕ್ಕಿ. ಹಿಂದಿನ ಪಾರದರ್ಶಕ ಕಿಟಕಿಯನ್ನು ಮಡಚಿ ಇಡಬಾರದು, ಸುರುಳಿ ಸುತ್ತಬೇಕು. ಹುಡ್ಡು ಒದ್ದೆ ಇದ್ದಾಗ ಮಡಚಿಟ್ಟರೆ ಮೂರು ದಿನಕ್ಕೆ ಬೂಷ್ಟು.

## ಇಂಜಿನ್, ಬ್ರೇಕು, ಸ್ಟೇರಿಂಗು

ಎಲ್ಲಾ ಬೋಲ್ಟ್ ಬಿಚ್ಚೇನಿ, ಹೆಡ್ಡು ಏಳವಲ್ದು. ಉಳಿ ಹಾಕಿ ಎಬ್ಬಿಸ್ಲೇನ್ರಿ?

ಉಳಿ ಕೆಳಗಿಡಿ. ಎಲ್ಲ ಬಿಚ್ಚಿಲ್ಲ. ಹರಿಕೇನ್ ಹೆಡ್ಡಿನ ಒಂದು ಬೋಲ್ಟು ಕಾರ್ಬ್ಯುರೇಟರ್ ಕೂರುವ ಬಾಯಿಯೊಳಗೆ ಅಡಗಿದೆ. ಕಾರ್ಬ್ಯುರೇಟರ್ ಎತ್ತಿ ಟಾರ್ಚ್ ಬಿಟ್ಟರೆ ಕೆಳಗೆ ಕಪ್ಪು ಇದ್ದಲಿನ ಪದರದಡಿ ಬೋಲ್ಟಿನ ತಲೆ ಕಾಣುತ್ತದೆ. ಇದು ಗೊತ್ತಿಲ್ಲದೆ ಹೆಡ್ಡಿಗೆ ಉಳಿ ಹೊಡೆದು ಮುಖ ಕೆಡಿಸಿಕೊಂಡವರು ಲೆಕ್ಕವಿಲ್ಲ. ಜೋಡಿಸುವಾಗಲೂ ಮೊದಲು ಅದನ್ನು ನೆನಪಿಡಿ. ಮರೆತು ಕಾರ್ಬ್ಯುರೇಟರ್ ಕೂರಿಸಿದರೆ ಗ್ಯಾಸ್ಕೆಟ್ಟು ಅಲ್ಲಿಯೇ ಊದುತ್ತದೆ.

ಬಿಗಿ ಮಾಡುವುದು ನಡುವಿನಿಂದ ಹೊರಗೆ, ಮೂರು ಸುತ್ತಿನಲ್ಲಿ, ಕೊನೆಗೆ 60-70 ಪೌಂಡ್-ಅಡಿ, ಅಂದರೆ 81-95 ನ್ಯೂಟನ್ ಮೀಟರ್. ಟಾರ್ಕ್ ಪಾನಾ ಬಾಡಿಗೆಗಾದರೂ ತನ್ನಿ.

ಬೋರಿಂಗ್ ಮಾಡಿಸಬೇಕೋ, ರಿಂಗ್ ಅಷ್ಟ ಹಾಕಿದ್ರ ಸಾಕೋ?

ಕಂಪ್ರೆಶನ್ ಗೇಜು ಹಾಕಿ ನೋಡಿ. ನಾಲ್ಕು ಸಿಲಿಂಡರುಗಳ ನಡುವೆ 10 ಪಿಎಸ್‌ಐಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕಡಿಮೆ ತೋರಿಸಿದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ನೋಡಿ. ಏರಿದರೆ ರಿಂಗು-ಬೋರಿನ ತೊಂದರೆ, ಏರದಿದ್ದರೆ ವಾಲ್ವಿನದು. ಬೋರು 5 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ) ದಾಟಿ ಸವೆದಿದ್ದರೆ ಬರೀ ರಿಂಗು ಹಾಕುವುದು ದುಡ್ಡು ಸುಟ್ಟಂತೆ. ಗೋಕುಲ ರೋಡ್ ಕೈಗಾರಿಕಾ ಎಸ್ಟೇಟಿನ ಕಡೆ ಬೋರಿಂಗ್ ಮಾಡಿಸುವುದಿದ್ದರೆ ಪಿಸ್ಟನ್ ಮೊದಲು ಕೊಂಡು, ಅದನ್ನೇ ಅಂಗಡಿಗೆ ಒಯ್ದು, ಅದರ ಅಳತೆಗೆ ಬೋರ್ ಮಾಡಿಸಿ. ಬೋರು ಮೊದಲು ಮಾಡಿಸಿ ಪಿಸ್ಟನ್ ಹುಡುಕುತ್ತ ತಿರುಗಬೇಡಿ.

ಟ್ಯೂನಿಂಗ್ ಅಳತಿ ಒಂದ ಕಡೆ ಬರದ ಕೊಡ್ರಿ.

ಹರಿಕೇನ್ ಪೆಟ್ರೋಲಿಗೆ ಮಾತ್ರ: ಫೈರಿಂಗ್ ಆರ್ಡರ್ 1-3-4-2. ಪ್ಲಗ್ ಗ್ಯಾಪು 30 ಥೌ, ಪಾಯಿಂಟ್ ಗ್ಯಾಪು 20 ಥೌ. ಟೈಮಿಂಗ್ ಟಿಡಿಸಿಗೆ, ಅಂದರೆ ಪಿಸ್ಟನ್ ಪೂರ್ತಿ ಮೇಲೆ ಬರುವ ಜಾಗಕ್ಕೆ, 5 ಡಿಗ್ರಿ ಮೊದಲು. ಟ್ಯಾಪೆಟ್ ತಣ್ಣಗಿದ್ದಾಗ ಇನ್ಲೆಟ್ 18 ಥೌ, ಎಕ್ಸಾಸ್ಟ್ 16 ಥೌ. ಇನ್ಲೆಟ್ ಮೇಲಿನ ಮುಚ್ಚಳ ತೆಗೆದರೆ ಸಿಗುತ್ತದೆ, ಎಕ್ಸಾಸ್ಟ್ ಬ್ಲಾಕಿನ ಪಕ್ಕದ ಮುಚ್ಚಳದೊಳಗೆ. ಎಕ್ಸಾಸ್ಟ್ ಕಡೆ ಕೈ ಹೋಗುವುದಿಲ್ಲವೆಂದು ಮೇಸ್ತ್ರಿಗಳು ಬಿಟ್ಟುಬಿಡುತ್ತಾರೆ, ವಾಲ್ವ್ ಸುಡುವುದು ಅದರಿಂದಲೇ. ಆಯಿಲ್ 20ಡಬ್ಲ್ಯೂ-50 ಮಿನರಲ್, ಫಿಲ್ಟರ್ ಸೇರಿ ಸುಮಾರು 5 ಲೀಟರ್.

ಈಗಿನ ಇ20 ಪೆಟ್ರೋಲ್ ಹಳೇ ಜೀಪಿಗೆ ಆಗತೈತೇನು?

ಇ20 ಅಂದರೆ ನೂರರಲ್ಲಿ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲ್. ಓಡುತ್ತದೆ, ಆದರೆ ಹಳೆಯ ರಬ್ಬರನ್ನು ತಿನ್ನುತ್ತದೆ. ಟಾಕಿಯಿಂದ ಕಾರ್ಬ್ಯುರೇಟರ್ ತನಕ ಎಲ್ಲ ಹೋಸು, ಪಂಪಿನ ಡಯಾಫ್ರಾಮು, ಕಾರ್ಕಿನ ಗ್ಯಾಸ್ಕೆಟ್ಟು ಎಥನಾಲ್ ತಡೆಯುವಂಥವು ಹಾಕಿ. ಮೊದಲ ಎರಡು ಟಾಕಿಯಲ್ಲಿ ಹಳೆಯ ಕಿಟ್ಟವೆಲ್ಲ ಕರಗಿ ಬರುತ್ತದೆ, ಪಾರದರ್ಶಕ ಫಿಲ್ಟರ್ ಎರಡು ಜಾಸ್ತಿ ಇಟ್ಟುಕೊಳ್ಳಿ. ಎಥನಾಲಿನಿಂದ ಮಿಶ್ರಣ ತೆಳ್ಳಗಾಗುತ್ತದೆ. ಪ್ಲಗ್ಗು ಬೆಳ್ಳಗೆ ಕಂಡು, ಏರಿನಲ್ಲಿ ಗಾಡಿ ಮುಗ್ಗರಿಸಿದರೆ ಮುಖ್ಯ ಜೆಟ್ಟು ಒಂದು ಅಳತೆ ದೊಡ್ಡದು ಹಾಕಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬ್ಯುರೇಟರ್ ಖಾಲಿ ಮಾಡಿ, ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ.

ಬ್ಯಾಸಿಗಿಗೆ ಇಂಜಿನ್ ಕುದೀತೈತಿ. ರೇಡಿಯೇಟರ್ ಹೊಸಾದ ಹಾಕೀನಿ, ಆದ್ರೂ ಅಷ್ಟ.

ಬ್ಲಾಕಿನೊಳಗೆ ಕೆಸರು ಕೂತಿದೆ. ಬ್ಲಾಕಿನ ನೀರಿನ ಕಾಕ್ ಬಿಚ್ಚಿದರೆ ನೀರು ಬರುವುದಿಲ್ಲ, ತಂತಿ ಚುಚ್ಚಿದ ಮೇಲೆ ಚಾಕೊಲೇಟ್ ಬಣ್ಣದ ರಾಡಿ ಬರುತ್ತದೆ. ವೆಲ್ಶ್ ಪ್ಲಗ್ (ಬ್ಲಾಕಿನ ಪಕ್ಕದ ತೂತು ಮುಚ್ಚಿದ ಬಿಲ್ಲೆ) ತೆಗೆದು ಒತ್ತಡದ ನೀರಿನಿಂದ ತೊಳೆಯಿರಿ, ಹೊಸ ಪ್ಲಗ್ ಹಾಕಿ. ಬೋರ್‌ವೆಲ್ ನೀರು ಹಾಕಿದರೆ ಮತ್ತೆ ಸುಣ್ಣ ಕಟ್ಟುತ್ತದೆ, ಕೂಲಂಟ್ ಬಳಸಿ. ಇಷ್ಟಾದರೂ ಕುದಿಯುತ್ತಿದ್ದರೆ ಟೈಮಿಂಗ್ ಹಿಂದಿದೆಯೇ ನೋಡಿ.

ಗೇರ್ ಬಾಕ್ಸಿಗೆ ಯಾವ ಆಯಿಲ್?

ಜಿಎಲ್-4 ದರ್ಜೆಯ ಗೇರ್ ಆಯಿಲ್, 80 ಅಥವಾ 90 ನಂಬರಿನದು. ಜಿಎಲ್-5 ಹಾಕಿದರೆ ಒಳಗಿನ ಹಿತ್ತಾಳೆ ಉಂಗುರಗಳು ಹೋಗುತ್ತವೆ. ಮೂರು ಗೇರಿನ ಡಬ್ಬಿಯಲ್ಲಿ ಮೊದಲ ಗೇರಿಗೆ ಸಿಂಕ್ರೊ (ಹಲ್ಲುಗಳ ವೇಗ ಹೊಂದಿಸುವ ಉಂಗುರ) ಇಲ್ಲ, ಗಾಡಿ ಪೂರ್ತಿ ನಿಂತ ಮೇಲೆ ಹಾಕಿ. ಕರ್ರ್ ಅನ್ನುವುದು ಡಬ್ಬಿಯ ತಪ್ಪಲ್ಲ.

ಬ್ರೇಕ್ ಪೆಡಲ್ ನೆಲಕ್ಕ ಹತ್ತತೈತಿ. ನಾಕ್ ಸಲ ಪಂಪ್ ಹೊಡದ್ರ ಹಿಡೀತೈತಿ.

ಎರಡು ಕಾರಣ: ಸಾಲಿನಲ್ಲಿ ಗಾಳಿ, ಇಲ್ಲವೆ ಶೂ ಡ್ರಮ್ಮಿನಿಂದ ದೂರ. ಮೊದಲು ಶೂ ಹೊಂದಿಸಿ: ಗಾಲಿ ಎತ್ತಿ ಹೊಂದಿಸುವ ಬೋಲ್ಟನ್ನು ಗಾಲಿ ಹಿಡಿಯುವ ತನಕ ತಿರುಗಿಸಿ, ಕೈಯಲ್ಲಿ ತಿರುಗುವಷ್ಟು ಹಿಂದೆ ಬಿಡಿ. ಆಮೇಲೆ ಗಾಳಿ ತೆಗೆಯುವುದು, ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಗಾಲಿಯಿಂದ ಹತ್ತಿರಕ್ಕೆ. ನಮ್ಮ ಬಲಗೈ ಗಾಡಿಯಲ್ಲಿ ಹಿಂದಿನ ಎಡಗಾಲಿ ಮೊದಲು, ಮುಂದಿನ ಬಲಗಾಲಿ ಕೊನೆಗೆ. ಪೆಡಲ್ಲಿನಲ್ಲಿ ಅರ್ಧ ಇಂಚು ಖಾಲಿ ಆಟ ಇರಲೇಬೇಕು. ಅದಿಲ್ಲದಿದ್ದರೆ ಎಣ್ಣೆ ಹಿಂದೆ ಬರುವ ಸಣ್ಣ ತೂತು ಮುಚ್ಚಿ, ಓಡುತ್ತ ಓಡುತ್ತ ಬ್ರೇಕು ತಾನೇ ಹಿಡಿಯುತ್ತದೆ.

ನಿಂತ ಗಾಡಿಯ ವೀಲ್ ಸಿಲಿಂಡರ್ ನಾಲ್ಕೂ, ಮೂರೂ ರಬ್ಬರ್ ಹೋಸು, ಮಾಸ್ಟರ್ ಸಿಲಿಂಡರ್ ಹೊಸದೇ ಹಾಕಿ. ಕಿಟ್ ಮಾತ್ರ ಹಾಕಿ ಉಳಿಸುವುದಕ್ಕೆ ಇದು ಜಾಗವಲ್ಲ. ಪೈಪಿಗೆ ಬರೀ ತಾಮ್ರ ಬೇಡ, ನಡುಕಕ್ಕೆ ಗಟ್ಟಿಯಾಗಿ ಸೀಳುತ್ತದೆ.

45ಕ್ಕ ಹೋದ್ರ ಸ್ಟೇರಿಂಗ್ ಗಡಗಡ ನಡಗತೈತಿ. ಅಲೈನ್ಮೆಂಟ್ ಮಾಡ್ಸೀನಿ, ಟೈರ್ ಹೊಸಾವು.

ಸವೆದದ್ದು ಬಿಟ್ಟು ಉಳಿದದ್ದೆಲ್ಲ ಮಾಡಿಸಿದ್ದೀರಿ. ಮುಂದಿನ ಗಾಲಿ ಎತ್ತಿ ಮೇಲೆ-ಕೆಳಗೆ ಹಿಡಿದು ಅಲುಗಿಸಿ. ಅಲುಗಿದರೆ ಯಾರನ್ನಾದರೂ ಬ್ರೇಕು ತುಳಿಯಲು ಹೇಳಿ ಮತ್ತೆ ಅಲುಗಿಸಿ. ಬ್ರೇಕು ತುಳಿದಾಗ ಆಟ ಹೋದರೆ ಹಬ್ ಬೇರಿಂಗು, ಹೋಗದಿದ್ದರೆ ಕಿಂಗ್ ಪಿನ್ (ಮುಂದಿನ ಗಾಲಿ ಎಡ-ಬಲಕ್ಕೆ ತಿರುಗುವ ಕೀಲು) ಬೇರಿಂಗು. ಹಬ್ಬಿನ ನಟ್ಟನ್ನು ಗಾಲಿ ಹಿಡಿಯುವ ತನಕ ಬಿಗಿ ಮಾಡಿ ಸುತ್ತಿನ ಆರನೇ ಒಂದು ಭಾಗ ಹಿಂದೆ ಬಿಡಬೇಕು. ಕಿಂಗ್ ಪಿನ್ನಿನಲ್ಲಿ ಸಣ್ಣ ಶಿಮ್ಮುಗಳಿವೆ, ಅಂದರೆ ತೆಳು ತಗಡಿನ ಬಿಲ್ಲೆಗಳು. ಸೀಲ್ ತೆಗೆದು, ಟೈ ರಾಡ್ ಬಿಚ್ಚಿ, ಆ ತೂತಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದರೆ 12-16 ಪೌಂಡ್, ಅಂದರೆ ಐದೂವರೆಯಿಂದ ಏಳು ಕಿಲೋ ತನಕ ತೋರಿಸಬೇಕು. ಕಡಿಮೆ ಬಂದರೆ ಶಿಮ್ ತೆಗೆಯಿರಿ, ಮೇಲೆ ಕೆಳಗೆ ಸಮನಾಗಿ.

ಮುಂದಿನ ಅಡ್ಡ ಕಡ್ಡಿಯ ನಡುವೆ ಬೆಲ್ ಕ್ರ್ಯಾಂಕ್ (ಸ್ಟೇರಿಂಗಿನ ಎಳೆತವನ್ನು ಗಾಲಿಗಳ ಕಡೆ ತಿರುಗಿಸುವ ತೋಳು) ಇರುತ್ತದೆ, ಅದರ ಪಿನ್ ಸವೆದರೆ ಸ್ಟೇರಿಂಗ್ ಕಾಲು ಸುತ್ತು ಖಾಲಿ ತಿರುಗುತ್ತದೆ. ಇದೆಲ್ಲ ಆದ ಮೇಲೆ ಟೋ-ಇನ್ (ಮುಂದಿನ ಗಾಲಿಗಳು ಒಳಕ್ಕೆ ವಾಲಿ ನೋಡುವ ಅಳತೆ) ನೋಡಿಸಿ, 1ರಿಂದ 2 ಮಿ.ಮೀ. ಸಾಕು. ಅಗಲದ ಟೈರು ಹಾಕಿದ ಜೀಪು ಇನ್ನೂ ಹೆಚ್ಚು ನಡುಗುತ್ತದೆ. 6.00-16 ಟೈರೇ ಇದಕ್ಕೆ ಸರಿ.

## ಅಪ್‌ಗ್ರೇಡು

ಡೈನಮೋ ತಗದು ಆಲ್ಟರ್ನೇಟರ್ ಹಾಕಬೇಕು. ಏನೇನ್ ಬದಲಿ ಮಾಡಬೇಕು?

ಮೊದಲು ನಿಮ್ಮದು 6 ವೋಲ್ಟೋ 12 ವೋಲ್ಟೋ ನೋಡಿ. ಡೈನಮೋದ ಚಾರ್ಜ್ ನೋಡಿಕೊಳ್ಳುವ ಹಳೆಯ ಕಟ್‌ಔಟ್ ಡಬ್ಬಿಯ ವೈರು ಪೂರ್ತಿ ತೆಗೆಯಿರಿ, ಚೆಂದಕ್ಕೆ ಖಾಲಿ ಡಬ್ಬಿ ಅಲ್ಲೇ ಇರಲಿ. ರೆಗ್ಯುಲೇಟರ್ ಒಳಗೇ ಇರುವ 35-45 ಆಂಪಿಯರಿನದು ಸಾಕು. ಬ್ಯಾಟರಿಗೆ 6 ಚದರ ಮಿ.ಮೀ. ವೈರು, ಬ್ಯಾಟರಿಯ ಹತ್ತಿರ ಫ್ಯೂಸು. ಚಾರ್ಜಿಂಗ್ ದೀಪ ಬಿಡಬೇಡಿ, ಬಹಳ ಆಲ್ಟರ್ನೇಟರುಗಳು ಆ ಬಲ್ಬಿನ ಕರೆಂಟಿನಿಂದಲೇ ಎಚ್ಚರವಾಗುತ್ತವೆ. ಎಲ್‌ಇಡಿ ಹಾಕಿದರೆ ಚಾರ್ಜೇ ಆಗದೆ ಒದ್ದಾಡುತ್ತೀರಿ. ಪುಲ್ಲಿ ಸಾಲು ನೇರ ಇದೆಯೇ ದಾರ ಹಿಡಿದು ನೋಡಿ. ಹಳೆಯ ಆಮ್‌ಮೀಟರಿನ ಬದಲು ವೋಲ್ಟ್‌ಮೀಟರ್ ಹಾಕಿದರೆ ಬೆಂಕಿಯ ಭಯ ಕಡಿಮೆ.

80ಕ್ಕ ಹೋದ್ರ ಇಂಜಿನ್ ಒದರತೈತಿ. ಸ್ಪೀಡ್ ಹೆಚ್ಚ ಮಾಡಾಕ ಬರತೈತಾ?

ಲೆಕ್ಕ ನೋಡಿ. ಡಿಫರೆನ್ಷಿಯಲ್ಲಿನ ಹಲ್ಲಿನ ಅನುಪಾತ 5.38, ಟೈರು 6.00-16. 60ಕ್ಕೆ ಇಂಜಿನ್ನು ನಿಮಿಷಕ್ಕೆ ಸುಮಾರು 2,350 ಸುತ್ತು, 80ಕ್ಕೆ 3,150. ಒದರುವುದು ಸಹಜ. 4.88 ಹಲ್ಲು ಹಾಕಿದರೆ 80ಕ್ಕೆ 2,850ರ ಆಸುಪಾಸು. ಆದರೆ ಮುಂದಿನದು-ಹಿಂದಿನದು ಎರಡೂ ಒಂದೇ ಇರಬೇಕು. ಒಂದನ್ನೇ ಬದಲಿಸಿ ಫೋರ್ ವೀಲ್ ಹಾಕಿದರೆ ಟ್ರಾನ್ಸ್‌ಫರ್ ಕೇಸು ಬಿಗಿದು ಮುರಿಯುತ್ತದೆ. ನಂತರದ ಜೀಪುಗಳ ನಾಲ್ಕು ಗೇರಿನ ಡಬ್ಬಿಯನ್ನೂ ಹಾಕುತ್ತಾರೆ. ಅಡಾಪ್ಟರ್, ಪ್ರೊಪೆಲ್ಲರ್ ಶಾಫ್ಟಿನ ಉದ್ದ, ಕ್ಲಚ್ ಎಲ್ಲ ಬದಲಾಗುತ್ತದೆ. ಬ್ರೇಕು ಮೊದಲು, ವೇಗ ಆಮೇಲೆ.

ಡಿಸ್ಕ್ ಬ್ರೇಕ್ ಹಾಕಿದ್ರ ಹೆಂಗ?

ಅದಕ್ಕೂ ಮೊದಲು ಮಾಡಬೇಕಾದದ್ದು ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರು. ಹಳೆಯದರಲ್ಲಿ ಒಂದು ಪೈಪು ಒಡೆದರೆ ನಾಲ್ಕೂ ಗಾಲಿಗೆ ಬ್ರೇಕಿಲ್ಲ. ಹ್ಯಾಂಡ್ ಬ್ರೇಕು ಪ್ರೊಪೆಲ್ಲರ್ ಶಾಫ್ಟ್ ಹಿಡಿಯುವಂಥದ್ದು, ಓಡುವಾಗ ಎಳೆಯಲು ಅಲ್ಲ. ಮುಂದೆ ಡಿಸ್ಕು ಹಾಕುವುದಾದರೆ ಬೂಸ್ಟರ್ ಬೇಕಾಗುತ್ತದೆ, ಹಿಂದಿನ ಡ್ರಮ್ಮಿಗೆ ಹೋಗುವ ಒತ್ತಡವನ್ನೂ ಹೊಂದಿಸಬೇಕು. ಇಲ್ಲದಿದ್ದರೆ ಮಳೆಯಲ್ಲಿ ಹಿಂದಿನ ಗಾಲಿ ಮೊದಲು ಲಾಕ್ ಆಗಿ ಗಾಡಿ ತಿರುಗುತ್ತದೆ. ಡಿಸ್ಕಿನ ಮೇಲೆ 16 ಇಂಚಿನ ಹಳೆ ಗಾಲಿ ಕೂರುತ್ತದೆಯೇ ಎಂದು ಕೊಳ್ಳುವ ಮೊದಲೇ ಅಳತೆ ನೋಡಿ.

ಪೆಟ್ರೋಲ್ ತಗದು ಡೀಸೆಲ್ ಇಂಜಿನ್ ಕೂಡಿಸಿದ್ರ?

ಆರ್‌ಟಿಒ ಅನುಮತಿ ಮೊದಲು. ಆರ್‌ಸಿಯಲ್ಲಿ ಇಂಧನ, ಇಂಜಿನ್ ನಂಬರು ಬದಲಾಗದೆ ಓಡಿಸಿದರೆ ಅಪಘಾತದ ದಿನ ಇನ್ಶೂರೆನ್ಸಿನವರು ಮೊದಲು ಅದನ್ನೇ ಕೇಳುತ್ತಾರೆ. ಡೀಸೆಲ್ಲಿನ ತೂಕಕ್ಕೆ ಮುಂದಿನ ಸ್ಪ್ರಿಂಗ್ ಕೂರುತ್ತದೆ, ನಡುಕಕ್ಕೆ ಮೌಂಟಿಂಗ್ ಒಡೆಯುತ್ತದೆ. ಓಡುವ ಹರಿಕೇನ್ ಇರುವ ಗಾಡಿಗೆ ಇದನ್ನು ಮಾಡಬೇಡಿ ಅಂತಲೇ ಹೇಳುತ್ತೇವೆ.

ಹುಡ್ಡಿನ ಪೈಪ್ ಗಟ್ಟಿ ಅದಾವಲ್ಲ, ರೋಲ್ ಬಾರ್ ಯಾಕ ಬೇಕ್ರಿ?

ಆ ಪೈಪು ಬಟ್ಟೆ ಹೊರಲು ಮಾತ್ರ, ಗಾಡಿ ಮಗುಚಿದರೆ ಕಬ್ಬಿನ ಜಲ್ಲೆಯಂತೆ ಮಡಚುತ್ತದೆ. ರೋಲ್ ಬಾರನ್ನು ಬಾಡಿಯ ಪತ್ರಾಕ್ಕಲ್ಲ, ಛಾಸಿಗೆ ಹಿಡಿಸಿ. ಬೆಲ್ಟಿನ ಬೋಲ್ಟಿನ ಹಿಂದೆ ಕನಿಷ್ಠ 75 ಮಿ.ಮೀ. ಚೌಕದ, 3 ಮಿ.ಮೀ. ದಪ್ಪದ ಪಟ್ಟಿ ಕೊಡಿ. ಬೆಲ್ಟಿಲ್ಲದೆ ರೋಲ್ ಬಾರ್ ಇದ್ದರೆ ತಲೆ ಹೋಗಿ ಅದಕ್ಕೇ ಬಡಿಯುತ್ತದೆ.

ಎಲ್ಲಾ ಮುಗೀತು. ಮೊದಲನೇ ಟ್ರಿಪ್ ಎಲ್ಲಿಗೆ ಹೋಗೂಣು?

ಓಣಿಯೊಳಗೆ. ಮೊದಲ ದಿನ 5 ಕಿ.ಮೀ., 30 ದಾಟದಂತೆ. ವಾಪಸ್ ಬಂದು ನಾಲ್ಕೂ ಡ್ರಮ್ಮಿಗೆ ಅಂಗೈ ತಾಗಿಸಿ: ಒಂದು ಮಾತ್ರ ಬಿಸಿ ಇದ್ದರೆ ಅಲ್ಲಿ ಶೂ ಹಿಡಿಯುತ್ತಿದೆ. ಕೆಳಗೆ ರಟ್ಟು ಹಾಸಿ ನಿಲ್ಲಿಸಿ, ಬೆಳಿಗ್ಗೆ ಬಿದ್ದ ಹನಿ ನೋಡಿ: ಕಪ್ಪಗಿದ್ದರೆ ಇಂಜಿನ್, ದಪ್ಪಗೆ ವಾಸನೆ ಬಂದರೆ ಗೇರು, ತೆಳ್ಳಗೆ ಜಾರಿದರೆ ಬ್ರೇಕು. ಬ್ರೇಕಿನ ಹನಿ ಇದ್ದರೆ ಗಾಡಿ ತೆಗೆಯಬೇಡಿ.

100 ಕಿ.ಮೀ.ಗೆ ಗಾಲಿ ನಟ್ಟು, ಸ್ಪ್ರಿಂಗಿನ ಯು ಬೋಲ್ಟು, ಬಾಡಿ ಬೋಲ್ಟು ಮತ್ತೆ ಬಿಗಿ ಮಾಡಿ. ಹೊಸ ರಿಂಗಿದ್ದರೆ 800 ಕಿ.ಮೀ. ತನಕ ಎಳೆಸಬೇಡಿ, ಒಂದೇ ವೇಗದಲ್ಲೂ ಓಡಿಸಬೇಡಿ. ಆಮೇಲೆ ಉಣಕಲ್ಲಿನ ನೃಪತುಂಗ ಬೆಟ್ಟದ ಏರು ಸಾಕಷ್ಟು ಪರೀಕ್ಷೆ. ಫೋರ್ ವೀಲ್ ಹುರುಪಿನಲ್ಲಿ ಕಪ್ಪತಗುಡ್ಡದ ಕಾಡಿಗೆ ನುಗ್ಗಬೇಡಿ, ಅದು ವನ್ಯಜೀವಿ ಧಾಮ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವ ಯೋಜನೆ ಇದ್ದರೆ ಎರಡನೇ ಗೇರಿನಲ್ಲೇ ಇಳಿಯಿರಿ. ಡ್ರಮ್ಮು ಬಿಸಿಯಾಗಿ ಸುಟ್ಟ ವಾಸನೆ ಬಂದರೆ ಬದಿಗೆ ನಿಲ್ಲಿಸಿ ಅರ್ಧ ತಾಸು ಆರಲು ಬಿಡಿ, ನೀರು ಸುರಿಯಬೇಡಿ, ಡ್ರಮ್ಮು ಸೀಳುತ್ತದೆ.